ಬೇಸಿಗೆಯಲ್ಲಿ ಡಬ್ಬಿ ಹಾಲು ಕಲಸುವವರಿಗೆ

ಕಲಬುರಗಿ ಬಿಸಿಲು ಗೊತ್ತೇ ಇದೆಯಲ್ಲ, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಮಗುವಿಗೆ ಡಬ್ಬಿ ಹಾಲು ಕೊಡುವ ಅಕ್ಕಂದಿರು, ಅಣ್ಣಂದಿರು ಇದನ್ನು ಓದಿ. ಪುಡಿಯಲ್ಲೇ ಕ್ರಿಮಿ ಇರಬಹುದು, ಅದಕ್ಕೇ ಕುದಿಸಿದ ನೀರು ಪೂರ್ತಿ ಆರುವ ಮೊದಲೇ, ಅಂದ್ರೆ 70 ಡಿಗ್ರಿಗಿಂತ ಕೆಳಗೆ ಇಳಿಯುವ ಮುಂಚೆ, ಪುಡಿ ಹಾಕಬೇಕು. ಕುದಿಸಿ ಅರ್ಧ ಗಂಟೆಯೊಳಗೆ ಅಂತ ಇಟ್ಟುಕೊಳ್ಳಿ. ಮೊದಲು ನೀರು, ಆಮೇಲೆ ಪುಡಿ. ಡಬ್ಬಿಯೊಳಗಿನ ಚಮಚವೇ ಬಳಸಿ, ಚಾಕುವಿನಿಂದ ಮೇಲೆ ಸಮ ಮಾಡಿ, ಒತ್ತಿ ತುಂಬಬೇಡಿ. ಬಾಟಲಿಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿಯೇ ಕುಡಿಸಿ.

"ಸೆಖೆ ಐತಿ, ನೀರು ಜಾಸ್ತಿ ಹಾಕವ್ವ" ಅಂತ ಅತ್ತೆ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹಾಲು ನೀರಾದರೆ ಮಗುವಿಗೆ ಪೋಷಣೆ ಸಾಲದು, ರಕ್ತದಲ್ಲಿ ಸೋಡಿಯಂ (ಉಪ್ಪಿನ ಅಂಶ) ಇಳಿದು ಫಿಟ್ಸ್ ಕೂಡ ಬರಬಹುದು. ದುಡ್ಡು ಉಳಿಸೋಕೆ ತೆಳು ಮಾಡುವುದೂ ಅಷ್ಟೇ ಅಪಾಯ. ಬೇರೆಯಾಗಿ ನೀರು ಕುಡಿಸಬೇಕಾ ಅನ್ನೋದನ್ನ ಮಕ್ಕಳ ಡಾಕ್ಟರನ್ನೇ ಕೇಳಿ.

ಬೋರ್ ನೀರು ಬಳಸುವವರೇ, ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ನೀರಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್ ಅನ್ನೋ ರಾಸಾಯನಿಕ ಹೋಗುವುದಿಲ್ಲ. ಒಮ್ಮೆ ಪರೀಕ್ಷೆ ಮಾಡಿಸಿ.

ಮಗು ಕುಡಿದು ಬಿಟ್ಟ ಹಾಲನ್ನು, ಅರ್ಧ ಬಾಟಲಿ ಇದ್ದರೂ, ಚೆಲ್ಲಿಬಿಡಿ. ಹೊಟ್ಟೆ ಉರಿಯುತ್ತದೆ, ಡಬ್ಬಿ ರೇಟು ಹಾಗಿದೆ. ಅದಕ್ಕೇ ಪ್ರತಿ ಸಲ ಕಡಿಮೆ ಕಲಸಿ, ಬೇಕಾದರೆ ಮತ್ತೆ ಮಾಡಿ.