ಮೂಳೆಗೆ ಹೆಸರು ಹುಡುಕುವ ಕೆಲಸ

ಹಳೇ ಮೂಳೆಗಳಿಂದ ಡಿಎನ್ಎ ತೆಗೆಯುವುದು ನನ್ನ ಕೆಲಸ. ಪರಿಚಯದವರು ಸಿಕ್ಕಾಗಲೆಲ್ಲ ಕೇಳುತ್ತಾರೆ, "ಒಂದು ಮೂಳೆ ಕೊಟ್ಟರೆ ಯಾವ ರಾಜನದು ಅಂತ ಹೇಳಿಬಿಡ್ತೀರಾ?" ಇಲ್ಲ. ಹೋಲಿಸಿ ನೋಡಲು ಇನ್ನೊಬ್ಬರ ಡಿಎನ್ಎ ಇಲ್ಲದಿದ್ದರೆ ನಮ್ಮ ಮೆಷಿನ್ ಕೊಡುವುದು ಬರೀ ಎ, ಸಿ, ಜಿ, ಟಿ ಅನ್ನುವ ನಾಲ್ಕು ಅಕ್ಷರಗಳ ಉದ್ದನೆಯ ಸಾಲು, ಅಷ್ಟೇ.

ಹಾಗಾಗಿ ಸ್ಯಾಂಪಲ್ ಬಂದಾಗ ಮೊದಲು ಕೇಳುವುದು ಅದರ ಚರಿತ್ರೆ. ಎಲ್ಲಿ ಸಿಕ್ಕಿತು, ಬರಿಗೈಯಲ್ಲಿ ಯಾರು ಮುಟ್ಟಿದರು, ತೊಳೆದರಾ? ಚೆನ್ನಾಗಿ ತೊಳೆದು ವಾರ್ನಿಷ್ ಬಳಿದ ಮೂಳೆಗಿಂತ ಮಣ್ಣು ಮೆತ್ತಿಕೊಂಡಿರುವುದೇ ನನಗಿಷ್ಟ.

ಲ್ಯಾಬಿನೊಳಗೆ ಮೈತುಂಬ ಸೂಟು, ಮಾಸ್ಕ್, ಎರಡು ಜೊತೆ ಗ್ಲೌಸ್. ನಮ್ಮ ಮೈಯ ಡಿಎನ್ಎ ಮೂಳೆಗೆ ತಾಗಬಾರದಲ್ವಾ? ಮೇಲ್ಪದರ ಕೆರೆದು, ನಿಧಾನಕ್ಕೆ ಕೊರೆಯುತ್ತೇನೆ. ಡ್ರಿಲ್ ಜೋರಾದರೆ ಮೂಳೆ ಬಿಸಿಯಾಗಿ ಉಳಿದಿರುವ ಅಷ್ಟಿಷ್ಟೂ ಹಾಳು. ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸುತ್ತೇನೆ. ಹಲ್ಲಿನ ಬೇರು, ಇಲ್ಲವೇ ಒಳಗಿವಿಯ ಸುತ್ತಲಿನ ಗಟ್ಟಿ ಮೂಳೆ ಸಿಕ್ಕರೆ ಅದೃಷ್ಟ. ಕೊನೆಗೆ ಕೈಗೆ ಬರುವುದು ಚಿಟಿಕೆ ಪುಡಿ. ಅದನ್ನು ಇಡಿಟಿಎ (ಮೂಳೆಯ ಕ್ಯಾಲ್ಸಿಯಂ ಕರಗಿಸುವ ರಾಸಾಯನಿಕ) ಮತ್ತು ಪ್ರೋಟೀನ್ ಕರಗಿಸುವ ಎಂಜೈಮ್ ಜತೆ ರಾತ್ರಿಯಿಡೀ ಬೆಚ್ಚಗೆ ಬಿಡುತ್ತೇವೆ. ಪಕ್ಕದಲ್ಲಿ ಪುಡಿ ಹಾಕದ ಒಂದು ಟ್ಯೂಬೂ ಇರುತ್ತದೆ. ಅದರಲ್ಲೂ ಮನುಷ್ಯರ ಡಿಎನ್ಎ ಕಂಡರೆ ಎಲ್ಲಿಂದಲೋ ಸೇರಿಕೊಂಡಿದೆ ಎಂದರ್ಥ.

ಹಳೇ ಡಿಎನ್ಎ ಚೂರುಚೂರಾಗಿರುತ್ತದೆ. ತುದಿಗಳಲ್ಲಿ 'ಸಿ' ಇರಬೇಕಾದ ಕಡೆ 'ಟಿ' ಕಾಣುತ್ತದೆ. ಉದ್ದುದ್ದ ತುಂಡುಗಳು ನೀಟಾಗಿ ಬಂದವೋ, ನನಗೆ ಅನುಮಾನ ಶುರು. ನಮ್ಮ ದೇಶದ ಸೆಕೆಗೆ ಉಳಿಯುವುದೂ ಕಡಿಮೆ. ಹರಿಯಾಣದ ಹರಪ್ಪ ಕಾಲದ ನೆಲೆ ರಾಖಿಗಢಿಯಲ್ಲಿ 61 ಸ್ಯಾಂಪಲ್ ಪರೀಕ್ಷಿಸಿದರೂ 2019ರಲ್ಲಿ ಪ್ರಕಟವಾಗಿದ್ದು ಒಬ್ಬ ಹೆಂಗಸಿನ ಜೀನೋಮ್ (ಒಟ್ಟು ಡಿಎನ್ಎ ಸಾಲು) ಮಾತ್ರ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಹಳೇ ಗೋವಾದ ಪ್ರಕರಣ. ಜಾರ್ಜಿಯಾದ ರಾಣಿ ಕೆಟೆವಾನ್‌ಳನ್ನು 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಅಲ್ಲಿನ ದೊರೆ ಷಾ ಅಬ್ಬಾಸ್ ಕೊಲ್ಲಿಸಿದ. ಮತ ಬದಲಿಸಲು ಆಕೆ ಒಪ್ಪಲಿಲ್ಲ. ಅಗಸ್ಟೀನಿಯನ್ ಪಾದ್ರಿಗಳು ಆಕೆಯ ಕೆಲವು ಮೂಳೆಗಳನ್ನು ಗೋವಾಕ್ಕೆ ತಂದು ತಮ್ಮ ಮಠದಲ್ಲಿಟ್ಟರು. ಯಾವ ಕಿಟಕಿಯ ಹತ್ತಿರ ಇಟ್ಟರು ಅನ್ನುವುದೂ ಪೋರ್ಚುಗೀಸ್ ದಾಖಲೆಗಳಲ್ಲಿತ್ತು. ಅದರ ಜಾಡು ಹಿಡಿದು ಪುರಾತತ್ವ ಇಲಾಖೆಯವರು 2004ರಲ್ಲಿ ಮಠದ ಪಾಳಿನಲ್ಲಿ ಮೂಳೆ ಪತ್ತೆ ಮಾಡಿದರು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಮೈಟೊಕಾಂಡ್ರಿಯಾದ ಡಿಎನ್ಎ (ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ) ನೋಡಿದಾಗ ಒಂದು ಮೂಳೆ ಯು1ಬಿ ಅನ್ನುವ ತಾಯಿ ಕಡೆಯ ವಂಶದ ಗುಂಪಿಗೆ ಸೇರಿತು. ಭಾರತ ಉಪಖಂಡದ 22 ಸಾವಿರಕ್ಕೂ ಹೆಚ್ಚು ಜನರಲ್ಲಿ ಈ ಗುಂಪು ಕಾಣಲಿಲ್ಲ, ಜಾರ್ಜಿಯಾದ ಜನರಲ್ಲಿ ಕಂಡಿತು.

ಇಲ್ಲಿ ಗಮನಿಸಿ, ಡಿಎನ್ಎ ಹೇಳಿದ್ದು "ಈ ಮೂಳೆ ಇಲ್ಲಿನವರದ್ದಲ್ಲ, ಆ ಕಡೆಯವರದ್ದಿರಬೇಕು" ಅಂತ ಮಾತ್ರ. ಕೆಟೆವಾನ್ ಅನ್ನುವ ಹೆಸರು ಕೊಟ್ಟಿದ್ದು ಪಾದ್ರಿಗಳ ಬರಹ. 2014ರ ಪ್ರಬಂಧದವರೂ 'ಬಹುಶಃ' ಅಂತಲೇ ತಲೆಬರಹ ಕೊಟ್ಟರು, ಸರಿಯಾಗೇ ಮಾಡಿದರು. 2021ರಲ್ಲಿ ಭಾರತ ಆ ಮೂಳೆಯ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು.

ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನ ವಿಷಯದಲ್ಲಿ ಹೋಲಿಸಲು ಸಂಬಂಧಿಕರೇ ಸಿಕ್ಕರು. ಲೆಸ್ಟರ್‌ನ ಕಾರ್ ಪಾರ್ಕಿಂಗ್ ಜಾಗದಲ್ಲಿ 2012ರಲ್ಲಿ ಸಿಕ್ಕ ಅಸ್ಥಿಪಂಜರದ ಮೈಟೊಕಾಂಡ್ರಿಯಾ, ಅವನ ಅಕ್ಕನ ಹೆಣ್ಣುಮಕ್ಕಳ ಕಡೆಯ ವಂಶಸ್ಥರಿಗೆ ತಾಳೆಯಾಯಿತು. ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಗಂಡಸರ ಕಡೆಯ ವಂಶಸ್ಥರಿಗೆ ತಾಳೆಯಾಗಲಿಲ್ಲ! ನಡುವೆ ಎಲ್ಲೋ ಒಂದು ತಲೆಮಾರಲ್ಲಿ ಅಪ್ಪ ಬೇರೆ. ತಾಯಿಯ ವಿಷಯದಲ್ಲಿ ಇಂಥ ಗೊಂದಲ ಕಡಿಮೆ.

ನಮ್ಮಲ್ಲಿ ಪೂರ್ವಿಕರ ಸಮಾಧಿ ವಿಚಾರವಾಗಿ ಬರುವವರು ತರುವ ವಂಶವೃಕ್ಷದಲ್ಲಿ ಮಾತ್ರ ಅಪ್ಪ, ಮಗ, ಮೊಮ್ಮಗ, ಬರೀ ಗಂಡಸರೇ. ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು, ಅವರ ಹೆಣ್ಣುಮಕ್ಕಳು ಯಾರು, ಏನೂ ಬರೆದಿರುವುದಿಲ್ಲ. ಮನೆಯ ಅಜ್ಜಿಯರನ್ನು ಕೇಳಿ ಆ ಪಟ್ಟಿ ಮೊದಲು ಮಾಡಿಸಿಕೊಂಡು ಬನ್ನಿ ಅನ್ನುತ್ತೇನೆ. ಕೊರೆಯುವುದು ಆಮೇಲೆ.