ಬೆಳಗಾವ್ಯಾಗ ಕ್ಲಿನಿಕಲ್ ರಿಸರ್ಚ್ ವರ್ಕ್‌ಶಾಪ್ ಮಾಡೋರು ಮೊದಲ ಎಲ್ಲಾರ ಕೈಯಾಗ ಪೆನ್ನು ಕೊಡ್ರಿ

ಔಷಧದ ಟ್ರಯಲ್‌ದಾಗ ದಿನದ ಕೆಲಸ ನೋಡ್ಕೊಳ್ಳೋ ಸ್ಟಡಿ ಕೋಆರ್ಡಿನೇಟರ್‌ಗಳಿಗೆ, ಮೆಡಿಕಲ್ ರೈಟಿಂಗ್ ಕಲಿಯೋ ಹುಡುಗ್ರಿಗೆ ಒಂದಿನದ ವರ್ಕ್‌ಶಾಪ್ ಮಾಡೋದಿದ್ರ 20 ಮಂದಿಗಿಂತ ಜಾಸ್ತಿ ಕರೀಬ್ಯಾಡ್ರಿ, ಯಾಕಂದ್ರ ಬರದಿದ್ದನ್ನ ಒಬ್ಬೊಬ್ರದೂ ಕುಂತು ತಿದ್ದಬೇಕಾಗ್ತೈತಿ, ಬರೇ ಸ್ಲೈಡ್ ನೋಡಿ ಈ ಕೆಲಸ ಯಾರಿಗೂ ಬರೂದಿಲ್ಲ.

ಶುರು ನಮ್ಮ ಜಿಲ್ಲಾದಿಂದನ ಮಾಡ್ರಿ. 2002ರಿಂದ 2005ರ ತನಕ ಇಲ್ಲೇ ಬೆಳಗಾವಿ ಹಳ್ಳಿಗೋಳಾಗ 1620 ಹೆಣ್ಮಕ್ಕಳ ಮ್ಯಾಲ ಹೆರಿಗಿ ಆದಮ್ಯಾಲ ರಕ್ತ ಹೋಗೂದು ತಡಿಯೋ ಮಿಸೊಪ್ರೊಸ್ಟಾಲ್ ಗುಳಿಗಿದು ಟ್ರಯಲ್ ಆಗಿತ್ತು, ಹೆರಿಗಿ ಮಾಡ್ಸಿ ಗುಳಿಗಿ ಕೊಟ್ಟವ್ರು ಹಳ್ಳಿಗೋಳಾಗ ಹೆರಿಗಿ ನೋಡೋ ಎಎನ್‌ಎಂ ಸಿಸ್ಟರ್‌ಗೋಳು. ಬರೇ ಪ್ಲಾಸಿಬೊ, ಅಂದ್ರ ಔಷಧ ಇಲ್ಲದ ತೋರಿಕಿ ಗುಳಿಗಿ, ತಗೊಂಡವ್ರಾಗ 12 ಪರ್ಸೆಂಟ್ ಮಂದಿಗೆ ಹೆರಿಗಿ ಆದಮ್ಯಾಲ ವಿಪರೀತ ರಕ್ತ ಹೋತು, ಔಷಧ ತಗೊಂಡವ್ರಾಗ 6.4. ಇದು 2006ರಾಗ ಲ್ಯಾನ್ಸೆಟ್ ಅನ್ನೋ ಮೆಡಿಕಲ್ ಜರ್ನಲ್‌ನ್ಯಾಗ ಬಂತು. ಪ್ಲಾಸಿಬೊ ಯಾಕ ಬೇಕು ಅನ್ನೋದು ಇದರಿಂದ ತಿಳಿದಷ್ಟು ಬ್ಯಾರೆ ಯಾವ ಉದಾಹರಣೆಯಿಂದಾನೂ ತಿಳಿಯೂದಿಲ್ಲ.

ಆಮ್ಯಾಲ ರೂಲ್ಸ್, ಒಂದ್ ತಾಸು ಸಾಕು. 2019ರ ನ್ಯೂ ಡ್ರಗ್ಸ್ ಆಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್, ಮೊದಲನೇ ಪೇಷಂಟ್ ಸೇರ್ಸೂಕಿಂತ ಮುಂಚೆ ಸಿಟಿಆರ್‌ಐ (ದೇಶದ ಟ್ರಯಲ್‌ಗೋಳ ದಾಖಲೆ ಪಟ್ಟಿ) ರಿಜಿಸ್ಟ್ರೇಷನ್, ಮತ್ತ ಜಿಸಿಪಿ, ಅಂದ್ರ ಟ್ರಯಲ್ ಸರಿಯಾಗಿ ಹೆಂಗ ಮಾಡ್ಬೇಕು ಅನ್ನೋ ಅಂತಾರಾಷ್ಟ್ರೀಯ ಮಾರ್ಗಸೂಚಿ. ಜಿಸಿಪಿದು ಆರ್3 ವರ್ಷನ್ 2025 ಜನವರಿಯಾಗ ಫೈನಲ್ ಆಗೇತಿ, ಹಳೇ ಆರ್2 ಸ್ಲೈಡ್ ಹಂಗ ಹಚ್ಚಬ್ಯಾಡ್ರಿ.

ಮುಂಜಾನಿ ಉಳಿದ ಹೊತ್ತೆಲ್ಲಾ ಕನ್ಸೆಂಟ್‌ಗೆ, ಅಂದ್ರ ಪೇಷಂಟ್‌ಗೆ ಎಲ್ಲಾ ತಿಳಿಸಿ ಒಪ್ಪಿಗಿ ತಗೊಳ್ಳೂದಕ್ಕ, ಕೊಡ್ರಿ. ಇಬ್ಬಿಬ್ರನ್ನ ಕುಂದ್ರಸ್ರಿ, ಒಬ್ರು ಕೋಆರ್ಡಿನೇಟರ್ ಪಾರ್ಟ್ ಮಾಡ್ಲಿ, ಇನ್ನೊಬ್ರು ಸವದತ್ತಿ ಕಡೆಯಿಂದ ಬಂದ ಓದಾಕ ಬರಲಾರದ ಆಯಿ ಪಾರ್ಟ್. ಫಾರ್ಮ್ ಜೋರಾಗಿ ಓದಸ್ರಿ. ನಾವು ಒಮ್ಮೆ ಹಿಂಗ ಮಾಡಿದಾಗ ಫಾರ್ಮ್‌ದಾಗ ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಅಂತಿತ್ತು, ಓದೋ ಹುಡುಗಿನ ನಡಕ ನಿಂತ್ಲು, ಎದುರಿಗೆ ಕುಂತಾಕಿ "ಹಂಗಂದ್ರ ಏನವಾ?" ಅಂದ್ಲು, ಇಡೀ ರೂಮು ಸುಮ್ಮಾತು. ಅರ್ಧ ತಾಸು ಎಲ್ಲಾರೂ ಕೂಡಿ ತಿದ್ದಿದ್ದು ಇದು: "ನಿಮಗ ಯಾವ ಗುಳಿಗಿ ಬರ್ತೈತಿ ಅನ್ನೋದು ಡಾಕ್ಟ್ರು ಆರಿಸೂದಿಲ್ರಿ, ಚೀಟಿ ಎತ್ತಿದಂಗ ಕಂಪ್ಯೂಟರ್ ಹೇಳ್ತೈತಿ." 5 ಎಂಎಲ್ ರಕ್ತ ಅನ್ನೋ ಕಡೆ ಒಂದ್ ಸಣ್ಣ ಚಮಚದಷ್ಟು ಅಂತ ಸೇರಿಸಿದ್ವಿ. ಆದ್ರ ಒಂದ್ ಮಾತು ಬಿಡಬ್ಯಾಡ್ರಿ, ಹಿಂಗ ತಿದ್ದಿದ ಫಾರ್ಮ್ ಪೇಷಂಟ್‌ಗೋಳ ಹಕ್ಕು, ಸುರಕ್ಷತೆ ನೋಡೋ ಎಥಿಕ್ಸ್ ಕಮಿಟಿ ಒಪ್ಪೂತನಕ ಪೇಷಂಟ್ ಮುಂದ ಇಡಂಗಿಲ್ಲ, ಮರಾಠಿ ಫಾರ್ಮ್‌ಗೂ ಇದ ಮಾತು. ಓದಾಕ ಬರದವ್ರಿದ್ರ ಸ್ಟಡಿ ಟೀಮಿಗೆ ಸಂಬಂಧ ಇರಲಾರದ ಸಾಕ್ಷಿ ಮೊದಲಿಂದ ಕಡೀತನಕ ಅಲ್ಲೇ ಕುಂದ್ರಬೇಕು, ಹೆಬ್ಬಟ್ಟು ಒತ್ತೂ ಹೊತ್ತಿಗೆ ಕರದ್ರ ಅದು ಸಾಕ್ಷಿ ಅಲ್ಲ.

ಊಟ ಆದಮ್ಯಾಲ ಲೆಕ್ಚರ್ ಇಡಬ್ಯಾಡ್ರಿ, ಬರಸ್ರಿ. ಹೆಸರಿಲ್ಲದ ಒಂದ್ ಕಾಲ್ಪನಿಕ ಡಿಸ್ಚಾರ್ಜ್ ಸಮ್ಮರಿ ಕೊಟ್ಟು 45 ನಿಮಿಷದಾಗ ಎಸ್‌ಎಇ ನರೇಟಿವ್, ಅಂದ್ರ ಟ್ರಯಲ್‌ದಾಗಿನ ಪೇಷಂಟ್‌ಗೆ ಆದ ಗಂಭೀರ ತ್ರಾಸಿನ ವಿವರ, ಬರೀರಿ ಅನ್ರಿ. ಔಷಧದ ಕಡೀ ಡೋಸ್ ಯಾವಾಗ, ತ್ರಾಸು ಶುರುವಾಗಿದ್ದು ಯಾವಾಗ, ಏನ್ ಟ್ರೀಟ್‌ಮೆಂಟ್, ಈಗ ಹೆಂಗದಾರ, ಔಷಧದಿಂದನ ಆತೇನು ಅಂತ ಡಾಕ್ಟ್ರ ಅಭಿಪ್ರಾಯ, ಇಷ್ಟೂ ತಾರೀಖ್ ಸಮೇತ ಬರಬೇಕು. ಇನ್ವೆಸ್ಟಿಗೇಟರ್‌ಗೆ, ಅಂದ್ರ ಟ್ರಯಲ್ ನಡೆಸೋ ಡಾಕ್ಟ್ರಿಗೆ, ಇಂಥಾ ತ್ರಾಸು ರಿಪೋರ್ಟ್ ಮಾಡಾಕ 24 ತಾಸಷ್ಟ ಇರ್ತೈತಿ, ಅದಕ್ಕ ಗಡಿಯಾರ ಮುಂದಿಟ್ಟ ಬರಸ್ರಿ. ತಪ್ಪಾದ್ರ ವೈಟ್ನರ್ ಮುಟ್ಟಂಗಿಲ್ಲ, ಒಂದ ಗೆರಿ ಹೊಡದು ಸರೀದು ಬರದು ಇನಿಶಿಯಲ್, ತಾರೀಖು ಹಾಕಿಸ್ರಿ. ಹಾಳಿಗೋಳು ನೀವ ತಗೊಂಡು ಹೋಗಿ ಕೆಂಪ್ ಪೆನ್ನಿಲೆ ತಿದ್ದಿ ವಾರದೊಳಗ ಹೊಳ್ಳಿ ಕೊಡ್ರಿ.