ಗೊರಕೆಗೂ ಹೃದಯದ ತಾಳಕ್ಕೂ ಇರುವ ನಂಟು

ಏಟ್ರಿಯಲ್ ಫಿಬ್ರಿಲೇಶನ್ ಅಂದರೆ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ನೆ ಅದುರುವುದು. ನಾಡಿ ಹಿಡಿದರೆ ತಾಳವೇ ಸಿಗುವುದಿಲ್ಲ. ಆ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ನನಗೆ ಇದು ಒಮ್ಮೆ ಬಂದು ತಾನಾಗಿಯೇ ನಿಂತಿತು. ಮತ್ತೆ ಬಾರದಿರಲಿ ಅಂತ ಮಂಗಳೂರಿನಲ್ಲಿ ನಾನು ಮಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಬಿಪಿ ಏರಿದ್ದರೆ ಹೃದಯದ ತಾಳ ತಪ್ಪುವ ಅಪಾಯ ಹೆಚ್ಚು. ನನಗೋ ಮಾತ್ರೆ ನುಂಗಿದರೂ ಬೆಳಗ್ಗಿನ ಬಿಪಿ ಇಳಿಯುತ್ತಿರಲಿಲ್ಲ. ಕಾರಣ ಹಿಡಿದದ್ದು ನನ್ನ ಹೆಂಡತಿ. "ಗೊರಕೆ ಮಧ್ಯೆ ನಿಮ್ಮ ಉಸಿರೇ ನಿಂತ ಹಾಗೆ ಆಗ್ತದೆ ಮಾರಾಯ್ರೇ, ಡಾಕ್ಟರಿಗೆ ಹೇಳಿ" ಅಂದಳು. ನಿದ್ದೆಯ ಪರೀಕ್ಷೆಯಲ್ಲಿ ಸ್ಲೀಪ್ ಏಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ ಅಂತ ಗೊತ್ತಾಯಿತು. ಉಸಿರು ನಿಂತಾಗಲೆಲ್ಲ ಆಮ್ಲಜನಕ ಇಳಿಯುತ್ತದೆ, ಬಿಪಿ ಏರುತ್ತದೆ, ಮೇಲಿನ ಕೋಣೆಯ ಗೋಡೆ ಎಳೆದಂತಾಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಆ ಗೋಡೆಯಲ್ಲಿ ಗಾಯದ ಕಲೆಯಂಥದ್ದು ಕಟ್ಟಿ ತಾಳ ತಪ್ಪುತ್ತದೆ. ಈಗ ಸಿಪ್ಯಾಪ್ ಮಾಸ್ಕ್, ಅಂದರೆ ಉಸಿರಿನ ದಾರಿ ಮುಚ್ಚಿಹೋಗದಂತೆ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರದ ಮಾಸ್ಕ್ ಹಾಕಿ ಮಲಗುತ್ತೇನೆ. ನಮ್ಮ ಸೆಕೆಗೆ ಅದು ಮೊದಮೊದಲು ಹಿಂಸೆ. ಮಳೆಗಾಲದಲ್ಲಿ ಕರೆಂಟು ಹೋಗುವುದರಿಂದ ಇನ್ವರ್ಟರ್ ಬೇಕೇ ಬೇಕು. ಆದರೆ ಬೆಳಗ್ಗಿನ ಬಿಪಿ ಇಳಿಯಿತು. ಬಿಪಿ ಹತೋಟಿಗೆ ಬಾರದವರು ಮನೆಯವರ ಹತ್ತಿರ ಗೊರಕೆಯ ಬಗ್ಗೆ ಒಮ್ಮೆ ಕೇಳಿಯೇ ಬಿಡಿ.

ಊಟದಲ್ಲಿ ಕುಚ್ಚಲಕ್ಕಿ ಗಂಜಿ ಬಿಡಲಿಲ್ಲ. ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಟ್ಟೆ. ಉಪ್ಪು ಜಾಸ್ತಿ ಇರುವುದು ಅಲ್ಲೇ ಅಲ್ವಾ? ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ತೂಕದ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಿಂದ 2015ರಲ್ಲಿ ಬಂದ ಅಧ್ಯಯನ. ಏಟ್ರಿಯಲ್ ಫಿಬ್ರಿಲೇಶನ್ ಇದ್ದು, ಶೇ. 10ರಷ್ಟಾದರೂ ತೂಕ ಇಳಿಸಿ ಹಾಗೇ ಉಳಿಸಿಕೊಂಡವರಲ್ಲಿ ತಾಳ ಸರಿಯಾಗಿಯೇ ಉಳಿಯುವ ಸಾಧ್ಯತೆ ಸುಮಾರು 6 ಪಟ್ಟು ಹೆಚ್ಚಿತ್ತು. ತೂಕ ಏರಿಳಿಯುತ್ತಿದ್ದರೆ ಲಾಭ ಕಡಿಮೆ. ಹಾಗಾಗಿ ಪಥ್ಯಕ್ಕಿಂತ ದಿನದ ನಡಿಗೆ ನನಗೆ ಮುಖ್ಯವಾಯಿತು. ಬೇಸಿಗೆಯಲ್ಲಿ ಕದ್ರಿ ಪಾರ್ಕ್, ಮಳೆಗಾಲದಲ್ಲಿ ಫ್ಲ್ಯಾಟಿನ ಮೆಟ್ಟಿಲು. 2023ರ ಅಮೆರಿಕದ ಮಾರ್ಗಸೂಚಿ ಹೇಳುವ ವಾರಕ್ಕೆ 210 ನಿಮಿಷ ಅಂದರೆ ದಿನಕ್ಕೆ ಅರ್ಧ ಗಂಟೆ ಅಷ್ಟೇ.

ಮದ್ಯ ಪೂರ್ತಿ ನಿಲ್ಲಿಸಿದೆ. ಕಾಫಿ ಬಿಡಬೇಕಾಗಿಲ್ಲ ಅಂದರು ಡಾಕ್ಟರು.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಹುಷಾರಾಗಿದ್ದೇನೆ ಅಂತ ಯಾರೂ ತಾವಾಗಿಯೇ ನಿಲ್ಲಿಸಬೇಡಿ. ಅದು ಬೇಕೋ ಬೇಡವೋ ಅನ್ನುವುದು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ನೋಡಿ ಡಾಕ್ಟರು ಹೇಳಬೇಕಾದ ಮಾತು.